ದೋಣಿಯ ಎಂಜಿನ್ ಚಾಲೂ ಆಗದಿರಲು ಕಾರಣವೇನು?

ವಿದ್ಯಾರ್ಥಿಗಳೇ, ಐನಾಪುರದ ಹೊಲಕ್ಕೆ ನೀರೆತ್ತುವ ಡೀಸೆಲ್ ಎಂಜಿನ್ನಿಗೂ ಮಲ್ಪೆಯ ಕಡಲಲ್ಲಿ ಮೀನುದೋಣಿಯನ್ನು ನಡೆಸುವ ಎಂಜಿನ್ನಿಗೂ ತತ್ತ್ವವೊಂದೇ. ರುಡಾಲ್ಫ್ ಡೀಸೆಲ್ 1897ರಲ್ಲಿ ಯಶಸ್ವಿಯಾಗಿ ನಡೆಸಿ ತೋರಿಸಿದ ಈ ಯಂತ್ರಕ್ಕೆ ಕಿಡಿ ಬೇಡ; ಸಿಲಿಂಡರಿನೊಳಗೆ ಗಾಳಿಯನ್ನು ಬಲವಾಗಿ ಅದುಮಿದಾಗ ಹುಟ್ಟುವ ಕಾವೇ ಎಣ್ಣೆಯನ್ನು ಹೊತ್ತಿಸುತ್ತದೆ. ಆದುದರಿಂದ ವೇಗ, ಎಣ್ಣೆ, ಒತ್ತಡ ಎಂಬ ಮೂರನ್ನು ಕ್ರಮವಾಗಿ ವಿಚಾರಿಸಬೇಕು.

ಮೊದಲನೆಯದಾಗಿ, ಎಂಜಿನ್ ನಿಧಾನವಾಗಿ ತಿರುಗಿದರೆ ಬ್ಯಾಟರಿಯನ್ನೂ ಉಪ್ಪುಗಾಳಿಗೆ ಕಿಲುಬು ಹಿಡಿದ ಅದರ ತುದಿಗಳನ್ನೂ ನೋಡತಕ್ಕದ್ದು.

ಎರಡನೆಯದಾಗಿ, ಚುರುಕಾಗಿ ತಿರುಗಿಯೂ ಹೊಗೆಯೇ ಬಾರದಿದ್ದರೆ ಎಣ್ಣೆ ಒಳಸೇರಿಲ್ಲವೆಂದು ತಿಳಿಯಬೇಕು. ಟ್ಯಾಂಕು ಬರಿದಾಗಿರಬಹುದು, ಫಿಲ್ಟರ್ ಕಟ್ಟಿರಬಹುದು, ಇಲ್ಲವೇ ಕೊಳವೆಯಲ್ಲಿ ಗಾಳಿ ಸೇರಿರಬಹುದು. ಅದುಮಿದರೆ ಗಾಳಿ ಕುಗ್ಗುತ್ತದೆ, ಎಣ್ಣೆ ಕುಗ್ಗದು. ಗಾಳಿ ಸೇರಿದಲ್ಲಿ ಪಂಪಿನ ಒತ್ತಡ ನಾಜಲನ್ನು ಮುಟ್ಟದು. ಗಾಳಿ ಬಿಡುವ ತಿರುಪನ್ನು ಸಡಿಲಿಸಿ, ಗುಳ್ಳೆಯಿಲ್ಲದ ಎಣ್ಣೆ ಬರುವವರೆಗೆ ಕೈಪಂಪು ಒತ್ತುವುದೇ ಪರಿಹಾರ.

ಮೂರನೆಯದಾಗಿ, ಬಿಳಿಹೊಗೆ ಬಂದೂ ಎಂಜಿನ್ ಹೊತ್ತದಿದ್ದರೆ ಕಾವು ಸಾಲದು. ಉಂಗುರವೋ ಕವಾಟವೋ ಸವೆದಿರಬಹುದು. ಅದು ಮೇಸ್ತ್ರಿಯ ಕೆಲಸ.

ಹೊಲದಲ್ಲಿ ಎಂಜಿನ್ ನಿಂತರೆ ಪೈರು ಒಂದು ದಿನ ಕಾದೀತು. ಕಡಲಲ್ಲಿ ನಿಂತರೆ ದೋಣಿ ಅಲೆಯ ಪಾಲು. ವಿಚಾರಿಸದೆ ಮತ್ತೆ ಮತ್ತೆ ತಿರುಗಿಸಿದರೆ ಬ್ಯಾಟರಿಯೂ ಬರಿದಾಗುವುದು. ನೈಯಾಯಿಕರ ಅನ್ವಯ-ವ್ಯತಿರೇಕದಂತೆ ಒಂದೊಂದನ್ನೇ ಪರೀಕ್ಷಿಸಿ ಕಾರಣವನ್ನು ನಿಶ್ಚಯಿಸಿದವನೇ ದಡ ಸೇರುವನು.