ಕೂಸು ಇರುವ ಮನೆಗೆ ಆಶಾ ಬರಲಿ

ಹೆರಿಗೆಯಾಗಿ ಮನೆಗೆ ಹೊರಟ ತಾಯಿಗೆ ಔಷಧಿ, ಪಥ್ಯ, ಮತ್ತೆ ಬರಬೇಕಾದ ದಿನ ಎಲ್ಲವನ್ನೂ ಹೇಳಿ ಕಳುಹಿಸಲಾಗುತ್ತದೆ. ಆದರೆ ಕೂಸಿನ ಜೀವಕ್ಕೆ ಹೆಚ್ಚಿನ ಅಪಾಯವಿರುವುದು ಹುಟ್ಟಿದ ಮೊದಲ 28 ದಿನಗಳಲ್ಲಿ, ಅದರಲ್ಲೂ ಮೊದಲ ವಾರದಲ್ಲಿ. ಆ ದಿನಗಳಲ್ಲಿ ಹೆಚ್ಚಿನವನ್ನು ಕೂಸು ಕಳೆಯುವುದು ಮನೆಯಲ್ಲಿಯೇ. ಆದ್ದರಿಂದ 2011ರಿಂದ ಆಶಾ ಕಾರ್ಯಕರ್ತೆಯರು ಬಾಣಂತಿಯ ಮನೆಗೇ ಬಂದು ತಾಯಿ-ಕೂಸನ್ನು ನೋಡುವ ಸರ್ಕಾರಿ ಕಾರ್ಯಕ್ರಮವಿದೆ. ಆಸ್ಪತ್ರೆಯಲ್ಲಿ ಹೆರಿಗೆಯಾದರೆ 3, 7, 14, 21, 28 ಮತ್ತು 42ನೆಯ ದಿನ ಆರು ಭೇಟಿಗಳು. ಶಸ್ತ್ರಚಿಕಿತ್ಸೆಯಾಗಿ ತಡವಾಗಿ ಮನೆಗೆ ಹೋದವರಿಗೆ 7ನೆಯ ದಿನದಿಂದ ಐದು. ಮನೆಯವರು ಇದಕ್ಕೆ ಏನೂ ಹಣ ಕೊಡಬೇಕಾಗಿಲ್ಲ.

ಇಲ್ಲಿ ನಮ್ಮ ಕಡೆಯ ಒಂದು ರೂಢಿಯನ್ನು ಗಮನಿಸಬೇಕು. ಗಂಡನ ಮನೆ ಮುನವಳ್ಳಿ, ತವರು ರಾಮದುರ್ಗದ ಕಡೆಯ ಒಂದು ಹಳ್ಳಿ ಎಂದುಕೊಳ್ಳಿ. ಬಸುರಿದ್ದಾಗ ತಾಯಿ ಕಾರ್ಡ್ ಮಾಡಿಸಿದ್ದು ಇಲ್ಲಿ, ಬಾಣಂತನ ಅಲ್ಲಿ. ಇಲ್ಲಿಯ ಆಶಾಗೆ ಬಾಣಂತಿ ಸಿಗುವುದಿಲ್ಲ, ಅಲ್ಲಿಯ ಆಶಾಗೆ ಬಾಣಂತಿ ಬಂದದ್ದೇ ತಿಳಿದಿರುವುದಿಲ್ಲ. ಹೀಗೆ ಆರೂ ಭೇಟಿಗಳು ತಪ್ಪಿಹೋಗಬಹುದು. ಕೂಸು ಎಲ್ಲಿದೆಯೋ ಆ ಊರಿನ ಆಶಾ ನೋಡಬೇಕು. ಬಾಣಂತಿ ನಡುವೆ ಊರು ಬದಲಿಸಿದರೆ ಎರಡೂ ಊರಿನ ಆಶಾಗಳು ಭೇಟಿಗಳನ್ನು ಹಂಚಿಕೊಳ್ಳಲು ನಿಯಮದಲ್ಲಿಯೇ ಅವಕಾಶವಿದೆ. ತವರಿಗೆ ಹೋದ ದಿನವೇ ಮನೆಯ ಗಂಡಸರೊಬ್ಬರು ಅಂಗನವಾಡಿಗೆ ಹೋಗಿ ತಿಳಿಸಿದರೆ ಸಾಕು, ಅಲ್ಲಿಂದ ಆಶಾಗೆ ಸುದ್ದಿ ಮುಟ್ಟುತ್ತದೆ. ತಾಯಿ ಕಾರ್ಡನ್ನು ಗಂಡನ ಮನೆಯಲ್ಲಿ ಬಿಟ್ಟು ಹೋಗಬೇಡಿ.

ಬಂದವಳನ್ನು ಪಡಸಾಲೆಯಲ್ಲಿ ಕೂರಿಸಿ ಚಹಾ ಕೊಟ್ಟು ಕಳುಹಿಸಿದರೆ ಪ್ರಯೋಜನವಿಲ್ಲ. ಆಕೆ ಕೂಸನ್ನು ಮುಟ್ಟಿ ನೋಡಬೇಕು. ಪುರುಡು, ಮೈಲಿಗೆ ಎಂದು ಬಾಣಂತಿ ಕೋಣೆಗೆ ಬಿಡದ ಮನೆಗಳಿವೆ. ಶರಣರು ಅಲ್ಲಗಳೆದ ಐದು ಸೂತಕಗಳಲ್ಲಿ ಜನನಸೂತಕವೂ ಒಂದು ಎಂಬುದು ನಮ್ಮ ಹಿರಿಯರಿಗೆ ಗೊತ್ತಿರುವುದೇ. ಬೇಕಾದದ್ದು ಸಾಬೂನಿನಿಂದ ತೊಳೆದ ಕೈ. ಅದು ಆಶಾಗೂ ಬೇಕು, ನೋಡಲು ಬಂದ ಬೀಗರಿಗೂ ಬೇಕು.

ಆಕೆ ಕೂಸನ್ನು ತೂಗುತ್ತಾಳೆ, ಮೈಯ ಬಿಸಿ ನೋಡುತ್ತಾಳೆ, ಒಂದು ನಿಮಿಷ ಉಸಿರು ಎಣಿಸುತ್ತಾಳೆ. ತೂಕದ ವಿಷಯವನ್ನು ಅಜ್ಜಿಯಂದಿರು ವಿಶೇಷವಾಗಿ ಕೇಳಬೇಕು. ಮೊದಲ ಕೆಲವು ದಿನ ಕೂಸು ಸ್ವಲ್ಪ ತೂಕ ಇಳಿಯುವುದು ಸಹಜ. ಸಾಮಾನ್ಯವಾಗಿ ಎರಡು ವಾರದೊಳಗೆ ಹುಟ್ಟಿದಾಗಿನ ತೂಕಕ್ಕೆ ಮರಳುತ್ತದೆ. ಇದನ್ನು ಅರಿಯದೆ "ಹಾಲು ಸಾಲವಲ್ದು" ಎಂದು ಆಕಳ ಹಾಲು, ಸಕ್ಕರೆ ನೀರು, ಜೇನುತುಪ್ಪ ಆರಂಭಿಸುತ್ತಾರೆ. ಕೂಸು ಮೊಲೆ ಚೀಪುವುದು ಕಡಿಮೆಯಾದಷ್ಟು ತಾಯಿಗೆ ಹಾಲೂ ಕಡಿಮೆಯಾಗುತ್ತದೆ. ಆಮೇಲೆ ಹಾಲು ನಿಜವಾಗಿಯೂ ಸಾಲುವುದಿಲ್ಲ. ಆರು ತಿಂಗಳವರೆಗೆ ತಾಯಿಯ ಹಾಲೊಂದೇ ಸಾಕು, ನೀರೂ ಬೇಡ.

ಹೊರಸಿನ ಕೆಳಗೆ ಕೆಂಡ ಇಟ್ಟು ಕೋಣೆಯಲ್ಲಿ ಹೊಗೆ ತುಂಬುವುದು ಕೂಸಿನ ಉಸಿರಿಗೆ ಕೆಟ್ಟದ್ದು. ಕೂಸನ್ನು ಬೆಚ್ಚಗಿಡಲು ತಾಯಿಯ ಎದೆಗೆ ಮೈ ತಾಗುವಂತೆ ಮಲಗಿಸಿ ಮೇಲೆ ಹೊದಿಸಿದರೆ ಅದಕ್ಕಿಂತ ಒಳ್ಳೆಯದು. ಎರೆಯುವಾಗ ಮೂಗು, ಕಿವಿಗೆ ಎಣ್ಣೆ ಬಿಡಬಾರದು. ಹೊಕ್ಕುಳಿಗೆ ಏನನ್ನೂ ಹಚ್ಚದೆ ಒಣಗಲು ಬಿಡಬೇಕು.

ಕೂಸು ಮೊಲೆ ಹಿಡಿಯದಿದ್ದರೆ, ನಿಮಿಷಕ್ಕೆ 60 ಅಥವಾ ಹೆಚ್ಚು ಸಲ ಉಸಿರಾಡಿದರೆ, ಎದೆಯ ಕೆಳಭಾಗ ಒಳಗೆ ಸೆಳೆದರೆ, ಮೈ ತಣ್ಣಗಾದರೆ ಅಥವಾ ಸುಡುತ್ತಿದ್ದರೆ, ಫಿಟ್ಸ್ ಬಂದರೆ, ಅಂಗೈ ಅಂಗಾಲು ಹಳದಿಯಾದರೆ, ಹೊಕ್ಕುಳಲ್ಲಿ ಕೀವು ಬಂದರೆ ಆಶಾಳ ದಾರಿ ಕಾಯಬೇಡಿ. 108ಕ್ಕೆ ಫೋನ್ ಮಾಡಿ ಆಸ್ಪತ್ರೆಗೆ ಬನ್ನಿ. ತಾಯಿಗೆ ಜ್ವರ ಅಥವಾ ಹೆಚ್ಚು ರಕ್ತಸ್ರಾವವಾದರೂ ಹಾಗೆಯೇ.

ಮನೆಭೇಟಿಯಿಂದ ಏನಾದೀತು ಎಂದು ಕೇಳುವವರಿದ್ದಾರೆ. ಮಹಾರಾಷ್ಟ್ರದ ಗಡಚಿರೋಲಿಯಲ್ಲಿ ಡಾ. ಅಭಯ್ ಬಂಗ್ ಮತ್ತು ಡಾ. ರಾಣಿ ಬಂಗ್ ಅವರು 39 ಹಳ್ಳಿಗಳಲ್ಲಿ ಹಳ್ಳಿಯ ಹೆಣ್ಣುಮಕ್ಕಳಿಗೇ ತರಬೇತಿ ಕೊಟ್ಟು ಮನೆಮನೆಗೆ ಕಳುಹಿಸಿದರು. ಮೂರನೆಯ ವರ್ಷಕ್ಕೆ ನವಜಾತ ಶಿಶುಗಳ ಮರಣ, ಈ ಸೇವೆ ಇಲ್ಲದ ಹಳ್ಳಿಗಳಿಗೆ ಹೋಲಿಸಿದರೆ, ಶೇ. 62ರಷ್ಟು ಇಳಿಯಿತು. ಅದರ ವರದಿ 1999ರಲ್ಲಿ ಪ್ರಕಟವಾಯಿತು. ಇಂದಿನ ಆಶಾ ಭೇಟಿಗಳಿಗೆ ಅದೇ ಮಾದರಿ.

ಆರು ವಾರಕ್ಕೆ ಎಲ್ಲವೂ ಮುಗಿಯುವುದಿಲ್ಲ. 2018ರಲ್ಲಿ ಕೇಂದ್ರ ಸರ್ಕಾರ 3, 6, 9, 12 ಮತ್ತು 15ನೆಯ ತಿಂಗಳ ಭೇಟಿಗಳನ್ನೂ ಆರಂಭಿಸಿತು. ಆಗ ಮೇಲುಣಿಸು, ಲಸಿಕೆ, ಬೆಳವಣಿಗೆಯ ಮಾತು ಬರುತ್ತದೆ. ಕೂಸಿನೊಡನೆ ಆಡುವ ಬಗೆಯನ್ನೂ ಕೇಳಿ ತಿಳಿಯಿರಿ. ಜಮೈಕಾ ದೇಶದಲ್ಲಿ ಬೆಳವಣಿಗೆ ಕುಂಠಿತವಾದ ಕೂಸುಗಳ ಮನೆಗೆ ಎರಡು ವರ್ಷ ವಾರವಾರವೂ ಹೋಗಿ, ಮನೆಯಲ್ಲಿ ಮಾಡಿದ ಆಟಿಕೆಗಳಿಂದ ಆಡಿಸುವುದನ್ನು ತಾಯಂದಿರಿಗೆ ಕಲಿಸಿದರು. ಇಪ್ಪತ್ತು ವರ್ಷದ ನಂತರ ನೋಡಿದಾಗ ಆ ಮಕ್ಕಳ ಗಳಿಕೆ, ಅಂಥ ಭೇಟಿ ಸಿಗದ ಮಕ್ಕಳಿಗಿಂತ ಶೇ. 25ರಷ್ಟು ಹೆಚ್ಚಿತ್ತು. ಖಾಲಿ ಡಬ್ಬಿಯೊಳಗೆ ನಾಲ್ಕು ಕಾಳು ಹಾಕಿ ಬಿಗಿಯಾಗಿ ಮುಚ್ಚಿದರೆ ಗಿಲಕಿ ಆಯಿತು. ಅದನ್ನು ಆಡಿಸುತ್ತಾ ಕೂಸಿನೊಡನೆ ಮಾತನಾಡುವುದು ಅಜ್ಜ ಅಜ್ಜಿ ಮಾಡಬಹುದಾದ ಕೆಲಸ.

ಆಸ್ಪತ್ರೆಯಿಂದ ಹೊರಡುವ ಮುನ್ನ ಬಾಣಂತಿ ಯಾವ ಊರಿಗೆ, ಎಷ್ಟು ದಿನ ಹೋಗುತ್ತಾಳೆ ಎಂಬುದನ್ನು ನಿಮ್ಮ ಊರಿನ ಆಶಾಗೆ ಫೋನಿನಲ್ಲಿ ತಿಳಿಸಿ. ತವರಿನ ಆಶಾಳ ನಂಬರನ್ನು ತಾಯಿ ಕಾರ್ಡಿನ ಮೇಲೆ ಬರೆದುಕೊಳ್ಳಿ.