ಕಲಾಸವರ್ಣ

ಹನ್ನೆರಡು ಎಕರೆಯ ಹೊಲವೊಂದರಲ್ಲಿ ಒಬ್ಬನಿಗೆ ತಂದೆಯ ಕಡೆಯಿಂದ 1/4 ಭಾಗವೂ, ಮಕ್ಕಳಿಲ್ಲದ ಚಿಕ್ಕಪ್ಪನ ಕಡೆಯಿಂದ 1/6 ಭಾಗವೂ ಬರಬೇಕಾಗಿದೆಯೆಂದು ಇಟ್ಟುಕೊಳ್ಳೋಣ. ಲೆಕ್ಕ ಬರೆಯುವವನು ಅಂಶಕ್ಕೆ ಅಂಶವನ್ನೂ ಛೇದಕ್ಕೆ ಛೇದವನ್ನೂ ಕೂಡಿಸಿ 2/10, ಅಂದರೆ 1/5 ಎಂದು ಬರೆದನಾದರೆ, ಆ ವಾರಸುದಾರನಿಗೆ ದೊರೆಯುವುದು 2 ಎಕರೆ 16 ಗುಂಟೆ ಮಾತ್ರ. ತಂದೆಯ ಪಾಲೊಂದೇ 3 ಎಕರೆಯಿರುವಾಗ, ಎರಡು ಪಾಲು ಕೂಡಿದ ಮೇಲೆ ಅದಕ್ಕಿಂತ ಕಡಮೆಯಾಗುವುದು ಹೇಗೆ? ಲೇಖನಿಯ ಒಂದು ತಪ್ಪಿನಿಂದ ಬಡವನೊಬ್ಬನ ಅನ್ನವೇ ಕೈತಪ್ಪಬಲ್ಲುದು.

ಈ ತಪ್ಪಿಗೆ ಕಾರಣ ಛೇದದ ಅರ್ಥವನ್ನು ಮರೆತದ್ದು. ಛೇದವು ತುಂಡಿನ ಗಾತ್ರವನ್ನು ತಿಳಿಸುತ್ತದೆ. ಅಂಶವು ತುಂಡುಗಳ ಸಂಖ್ಯೆಯನ್ನು ತಿಳಿಸುತ್ತದೆ. ಸೇರನ್ನೂ ಪಾವನ್ನೂ ಬೆರೆಸಿ ಒಂದೇ ಎಣಿಕೆಗೆ ತರಲಾಗದಂತೆ, ಗಾತ್ರ ಬೇರೆಯಾದ ತುಂಡುಗಳನ್ನು ಹಾಗೆಯೇ ಕೂಡಿಸಲಾಗದು. ಮೊದಲು ಅವುಗಳನ್ನು ಸಮಗಾತ್ರಕ್ಕೆ ತರಬೇಕು.

ಇದಕ್ಕೆ ಪೂರ್ವಿಕರು ಇಟ್ಟ ಹೆಸರು ‘ಕಲಾಸವರ್ಣ’. ‘ಕಲಾ’ ಎಂದರೆ ಭಾಗ. ‘ಸವರ್ಣ’ ಎಂದರೆ ಒಂದೇ ಬಣ್ಣವುಳ್ಳದ್ದು, ಒಂದೇ ಬಗೆಯದು. 9ನೆಯ ಶತಮಾನದಲ್ಲಿ, ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಜೈನ ಗಣಿತಜ್ಞ ಮಹಾವೀರಾಚಾರ್ಯನು ‘ಗಣಿತಸಾರಸಂಗ್ರಹ’ವೆಂಬ ತನ್ನ ಸಂಸ್ಕೃತ ಗ್ರಂಥದಲ್ಲಿ ಭಿನ್ನರಾಶಿಗಳಿಗೆ ಈ ಹೆಸರಿನ ಒಂದು ಪ್ರಕರಣವನ್ನೇ ಮೀಸಲಿಟ್ಟನು. ಛೇದಗಳ ಲಘುತಮ ಸಾಮಾನ್ಯ ಅಪವರ್ತ್ಯವನ್ನು ಆತನು ‘ನಿರುದ್ಧ’ವೆಂದು ಕರೆದನು. 4 ಮತ್ತು 6ರ ನಿರುದ್ಧ 12. ಆದುದರಿಂದ 1/4 = 3/12; 1/6 = 2/12; ಮೊತ್ತ 5/12. ವಾರಸುದಾರನಿಗೆ ಸಲ್ಲಬೇಕಾದುದು 5 ಎಕರೆ.

ಛೇದದಲ್ಲಿ ಅಕ್ಷರಗಳು ಬಂದರೂ ಈ ನಿಯಮ ಬದಲಾಗದು. ತಿಳಿಯದ ಸಂಖ್ಯೆಯನ್ನು ‘ಯ’ ಎಂದು ಕರೆದು, ಈ ವ್ಯವಕಲನವನ್ನು ನೋಡಬಹುದು:

5/(ಯ² − 4) − 1/(ಯ − 2)

ಛೇದಗಳನ್ನು ಒಂದಕ್ಕೊಂದು ಗುಣಿಸಿಬಿಡುವ ಆತುರ ಸಲ್ಲದು, ಮೊದಲು ಅಪವರ್ತಿಸಬೇಕು. ಯ² − 4 = (ಯ − 2)(ಯ + 2). ಎರಡನೆಯ ಛೇದವು ಮೊದಲನೆಯದರಲ್ಲಿಯೇ ಅಡಗಿದೆ. ಆದಕಾರಣ ನಿರುದ್ಧವು ಯ² − 4. ಎರಡನೆಯ ಭಿನ್ನರಾಶಿಯ ಅಂಶ, ಛೇದಗಳೆರಡನ್ನೂ (ಯ + 2)ರಿಂದ ಗುಣಿಸಿ ಕಳೆದರೆ,

[5 − (ಯ + 2)]/(ಯ² − 4) = (3 − ಯ)/(ಯ² − 4)

ಇಲ್ಲಿ ಋಣಚಿಹ್ನೆಯು ಆವರಣದೊಳಗಿನ ಎರಡು ಪದಗಳಿಗೂ ಸಲ್ಲುತ್ತದೆ. ಇದನ್ನು ಮರೆತವನ ಅಂಶವು 7 − ಯ ಆಗುತ್ತದೆ. ಯಾವುದು ಸರಿಯೆಂದು ಒರೆಗೆ ಹಚ್ಚಲು ಯ = 3 ಎಂದಿಟ್ಟರೆ ಸಾಕು. ಮೂಲದ ಬೆಲೆ 5/5 − 1/1, ಎಂದರೆ ಸೊನ್ನೆ. ಸರಿಯಾದ ಉತ್ತರವೂ ಸೊನ್ನೆಯನ್ನೇ ಕೊಡುತ್ತದೆ. ತಪ್ಪಾದುದು 4/5 ಎನ್ನುತ್ತದೆ. ಯ ಎಂಬುದು 2 ಅಥವಾ −2 ಆಗಕೂಡದೆಂಬುದನ್ನೂ ನೆನಪಿನಲ್ಲಿಡಬೇಕು. ಆಗ ಛೇದವು ಸೊನ್ನೆಯಾಗಿ ಭಿನ್ನರಾಶಿಗೆ ಅರ್ಥವೇ ಉಳಿಯದು.

ಉತ್ತರ ಬಂದೊಡನೆ ಲೇಖನಿಯನ್ನು ಕೆಳಗಿಡದೆ, ಅದನ್ನು ಒಮ್ಮೆ ಪರೀಕ್ಷಿಸುವ ಅಭ್ಯಾಸವನ್ನು ವಿದ್ಯಾರ್ಥಿದೆಸೆಯಲ್ಲಿಯೇ ಬೆಳೆಸಿಕೊಳ್ಳಬೇಕು. ಅಂಥವನ ಕೈಯಲ್ಲಿ ಮುಂದೆ ಪರರ ಪಾಲು ಕೆಡುವುದಿಲ್ಲ.