ಸರ್ಕಾರದ ಹಣದಿಂದ ನಡೆದ ವ್ಯವಸಾಯ ಸಂಶೋಧನೆಯ ವರದಿ: ಅದನ್ನು ಆನ್‌ಲೈನ್ ಭಂಡಾರಕ್ಕೆ ಒಪ್ಪಿಸುವ ಕ್ರಮವೂ ಗ್ರಾಮಸ್ಥರ ಕರ್ತವ್ಯವೂ

ಪೀಠಿಕೆ

ಪೈರು ಕೊಯ್ದು ಕಣಕ್ಕೆ ತಂದ ಮಾತ್ರಕ್ಕೆ ವ್ಯವಸಾಯಗಾರನ ಕೆಲಸವು ಮುಗಿಯುವುದಿಲ್ಲವೆಂಬುದನ್ನು ವಾಚಕ ಮಹಾಶಯರು ಬಲ್ಲರು. ಒಕ್ಕಿ, ತೂರಿ, ಅಳೆದು, ಕಣಜಕ್ಕೆ ಸೇರಿಸಿದ ಮೇಲೆಯೇ ಆ ವರ್ಷದ ದುಡಿಮೆಯು ಕೈಗೆ ಹತ್ತಿತೆಂದು ಹೇಳಬಹುದು. ವ್ಯವಸಾಯ ಸಂಶೋಧನೆಯ ವಿಷಯದಲ್ಲಿಯೂ ಇದೇ ನ್ಯಾಯವು ಸಲ್ಲುತ್ತದೆ. ಹೊಲದಲ್ಲಿ ಪ್ರಯೋಗವನ್ನು ನಡೆಸುವುದು ಬೆಳೆಯನ್ನು ಬೆಳೆದಂತೆ. ಅದರ ವರದಿಯನ್ನು ಬರೆದು, ಎಲ್ಲರಿಗೂ ಸಿಕ್ಕುವ ಸ್ಥಳದಲ್ಲಿ ಇರಿಸುವುದು ಕಣಜವನ್ನು ತುಂಬಿದಂತೆ. ಈ ಕಡೆಯ ಕೆಲಸವನ್ನು ಬಿಟ್ಟರೆ ಪ್ರಜೆಗಳ ತೆರಿಗೆಯ ಹಣವೂ, ಭೂಮಿ ಕೊಟ್ಟವರ ಶ್ರಮವೂ ಕಣದಲ್ಲಿಯೇ ಮಳೆಗೆ ಸಿಕ್ಕಿದ ರಾಶಿಯಂತೆ ಹಾಳಾಗುವುವು.

ವರದಿಯನ್ನು ಒಪ್ಪಿಸುವುದು ವಿಜ್ಞಾನಿಗಳ ಕೆಲಸವಲ್ಲವೆ, ಅದರಿಂದ ನಮಗೇನು ಎಂದು ಕೆಲವರು ಕೇಳಬಹುದು. ಇದಕ್ಕೆ ಉತ್ತರವಾಗಿ ನನ್ನ ಸ್ವಂತ ತಪ್ಪೊಂದನ್ನು ಮೊದಲು ಅರಿಕೆ ಮಾಡಿಕೊಳ್ಳುವೆನು.

ಒಂದು ಅನುಭವ

ಸುಮಾರು ೧೪ ವರ್ಷಗಳ ಹಿಂದೆ, ಸರ್ಕಾರದ ಧನಸಹಾಯದಿಂದ ನಡೆಯುತ್ತಿದ್ದ ಒಂದು ರಾಗಿ ಪ್ರಯೋಗಕ್ಕೆ ನನ್ನ ವೃತ್ತದ ವೃದ್ಧ ಹಿಡುವಳಿದಾರರೊಬ್ಬರು ೨೦ ಗುಂಟೆ ಮಳೆಯಾಶ್ರಯದ ಕೆಂಪು ಭೂಮಿಯನ್ನು ಕೊಟ್ಟಿದ್ದರು. ದೀರ್ಘಾವಧಿಯ ತಳಿಯನ್ನು ತಡವಾಗಿ ಬಿತ್ತಿದರೆ ಏನಾಗುವುದೆಂದು ನೋಡುವುದು ಅಲ್ಲಿಯ ಉದ್ದೇಶ. ಮಳೆ ತಡವಾದ್ದರಿಂದ ಆಗಸ್ಟ್ ತಿಂಗಳ ಮೂರನೆಯ ವಾರದಲ್ಲಿ ಬಿತ್ತನೆಯಾಯಿತು. ಪೈರು ಹುಲುಸಾಗಿಯೇ ಬಂದಿತು. ಆದರೆ ತೆನೆಯಲ್ಲಿ ಹಾಲು ತುಂಬುವ ಹೊತ್ತಿಗೆ ಮಳೆ ನಿಂತುಹೋಯಿತು. ಕಣದಲ್ಲಿ ಕಾಳಿಗಿಂತ ಜೊಳ್ಳೇ ಹೆಚ್ಚಾಗಿತ್ತು. ಅದೇ ಹೊಲದ ಬದುವಿನಾಚೆ ಅಲ್ಪಾವಧಿಯ ತಳಿಯನ್ನು ಬಿತ್ತಿದ್ದವರು ಮನೆಗೆ ಆಗುವಷ್ಟು ರಾಗಿಯನ್ನು ಕಂಡರು.

"ಪ್ರಯೋಗವು ಕೆಟ್ಟಿತು, ಬರೆಯುವುದಕ್ಕೆ ಏನಿದೆ?" ಎಂದು ನಾನು ಎಣಿಸಿದೆನು. ಅಷ್ಟರಲ್ಲಿ ವರ್ಗವೂ ಆಯಿತು. ಆ ಹೊಲದ ಪುಸ್ತಕವು ಬೀರುವಿನಲ್ಲಿಯೇ ಉಳಿದು, ಕಡೆಗೆ ಗೆದ್ದಲಿಗೆ ಆಹಾರವಾಯಿತು. ಮೇಲಿನವರು ಕ್ರೋಡೀಕರಿಸಿದ ಅಂತಿಮ ವರದಿಯಲ್ಲಿ ಸಕಾಲದಲ್ಲಿ ಬಿತ್ತಿ ಚೆನ್ನಾಗಿ ಬೆಳೆದ ಗ್ರಾಮಗಳ ಅಂಕಿಗಳು ಮಾತ್ರ ಸೇರಿದುವು. ಆರು ವರ್ಷಗಳು ಕಳೆದ ಮೇಲೆ ನೆರೆಯ ತಾಲ್ಲೂಕಿನಲ್ಲಿ ಅದೇ ತಳಿಯನ್ನು ಅದೇ ರೀತಿ ತಡವಾಗಿ ಬಿತ್ತಿಸಿದರು, ಅದೇ ಫಲವಾಯಿತು. ಹಾಗೆ ನಷ್ಟಪಟ್ಟವರಲ್ಲಿ ಆ ವೃದ್ಧರ ಸೋದರಳಿಯನೂ ಒಬ್ಬನು. ಒಂದು ಜಾತ್ರೆಯಲ್ಲಿ ನನ್ನನ್ನು ಕಂಡು ಅವರು, "ಸ್ವಾಮಿ, ನನ್ನ ಹೊಲದಲ್ಲಿ ಆದದ್ದನ್ನು ತಾವು ಎಲ್ಲಿಯೂ ಬರೆದಿಡಲಿಲ್ಲವೆ?" ಎಂದು ಮಾತ್ರ ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಫಲಿಸದ ಪ್ರಯೋಗವೂ ಒಂದು ಫಲವೇ ಎಂಬುದನ್ನು ಆ ದಿನ ಕಲಿತೆನು.

ವರದಿಯ ಮಹತ್ವಕ್ಕೆ ಪೂರ್ವದ ನಿದರ್ಶನಗಳು

ಸರ್ಕಾರದ ಹಣವನ್ನು ಪಡೆದವರು ಫಲವನ್ನು ಪ್ರಜೆಗಳಿಗೆ ತಿಳಿಸಬೇಕೆಂಬ ನಿಯಮವು ಹೊಸದಲ್ಲ. ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ ೧೮೮೭ರಲ್ಲಿ ಹ್ಯಾಚ್ ಶಾಸನವಾದಾಗ, ಪ್ರತಿಯೊಂದು ಸಂಸ್ಥಾನದ ವ್ಯವಸಾಯ ಪ್ರಯೋಗಶಾಲೆಗೂ ವರ್ಷಕ್ಕೆ ೧೫,೦೦೦ ಡಾಲರುಗಳನ್ನು ಗೊತ್ತುಮಾಡಿದರು. ಜೊತೆಯಲ್ಲಿಯೇ, ಮೂರು ತಿಂಗಳಿಗೆ ಒಂದು ಸಲವಾದರೂ ವರದಿಯನ್ನು ಪ್ರಕಟಿಸತಕ್ಕದ್ದೆಂದೂ, ಆ ಸಂಸ್ಥಾನದ ವೃತ್ತಪತ್ರಿಕೆಗಳಿಗೆ ಒಂದೊಂದು ಪ್ರತಿಯನ್ನೂ, ಕೇಳಿದ ರೈತರಿಗೆ ಸಾಧ್ಯವಾದ ಮಟ್ಟಿಗೆ ಪ್ರತಿಗಳನ್ನೂ ಕಳುಹಿಸತಕ್ಕದ್ದೆಂದೂ ವಿಧಿಸಿದರು. ಅಂಚೆಯ ವೆಚ್ಚವೂ ಇರಲಿಲ್ಲ.

ನಮ್ಮ ನಾಡಿನಲ್ಲಿ ೧೮೯೯ರಲ್ಲಿ ಹೆಬ್ಬಾಳದ ಪ್ರಯೋಗಕ್ಷೇತ್ರವು ಆರಂಭವಾಯಿತು. ಅನಂತರ ಮೈಸೂರು ಸರ್ಕಾರದ ಸೇವೆಗೆ ಬಂದ ಲೆಸ್ಲಿ ಕೋಲ್ಮನ್ ಅವರು ಮಲೆನಾಡಿನ ಅಡಕೆಯ ಕೊಳೆರೋಗವನ್ನು ಪರೀಕ್ಷಿಸಿ ೧೯೧೦ರಲ್ಲಿ ವರದಿಯನ್ನು ಪ್ರಕಟಿಸಿದರು. ಮುಂಗಾರು ಬಲಿಯುವ ಮೊದಲೇ ಗೊನೆಗಳಿಗೆ ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣವನ್ನು ಸಿಂಪಡಿಸುವ ಪದ್ಧತಿಯು ತೋಟಗಾರರಲ್ಲಿ ಇಂದಿಗೂ ನಡೆದುಬಂದಿದೆ. ೧೦೦ ಲೀಟರು ನೀರಿಗೆ ೧ ಕಿಲೋಗ್ರಾಂ ಮೈಲುತುತ್ತ, ೧ ಕಿಲೋಗ್ರಾಂ ಸುಣ್ಣವೆಂಬ ಲೆಕ್ಕವು ಇಂದು ಅಡಕೆಯ ಸೀಮೆಯಲ್ಲಿ ಬಾಯಿಪಾಠವಾಗಿದೆ. ಕೋಲ್ಮನ್ನರ ಶೋಧನೆಯು ಬೀರುವಿನಲ್ಲಿಯೇ ಉಳಿದಿದ್ದರೆ ತೋಟಗಾರರಿಗೆ ಎಷ್ಟು ಹಾನಿಯಾಗುತ್ತಿತ್ತೆಂಬುದನ್ನು ಊಹಿಸಿಕೊಳ್ಳಬಹುದು. ಇಂಗ್ಲೆಂಡಿನ ರಾಥಮ್‌ಸ್ಟೆಡ್‌ನಲ್ಲಿ ೧೮೪೩ರಲ್ಲಿ ಮೊದಲಾದ ಗೋಧಿಯ ಗೊಬ್ಬರದ ಪ್ರಯೋಗವು ಇಂದಿಗೂ ಬೆಲೆಯುಳ್ಳದ್ದಾಗಿರುವುದಕ್ಕೆ, ವರ್ಷವರ್ಷದ ಅಂಕಿಗಳನ್ನು ಬಿಡದೆ ಬರೆದು ಕಾಪಾಡಿದ್ದೇ ಮುಖ್ಯ ಕಾರಣ.

ಈಗಿನ ಭಂಡಾರಗಳು

ಕೈಬರಹದ ಪಹಣಿಯ ಸ್ಥಳಕ್ಕೆ ಗಣಕಯಂತ್ರದ ಪಹಣಿಯು ಬಂದಂತೆ, ಅಚ್ಚಿನ ವರದಿಗಳ ಜೊತೆಗೆ ಅಂತರಜಾಲದ ಭಂಡಾರಗಳು ಬಂದಿವೆ. ೧೯೨೯ರಲ್ಲಿ ಸ್ಥಾಪಿತವಾದ ಭಾರತೀಯ ಕೃಷಿ ಅನುಸಂಧಾನ ಪರಿಷತ್ತು ೨೦೧೩ರಲ್ಲಿ ಮುಕ್ತ ಪ್ರವೇಶದ ನೀತಿಯನ್ನು ಅಂಗೀಕರಿಸಿತು. ಪರಿಷತ್ತಿನ ಸಂಸ್ಥೆಗಳ ಪ್ರಕಟಣೆಗಳು ಸಾರ್ವಜನಿಕರಿಗೆ ಬೆಲೆಯಿಲ್ಲದೆ ದೊರೆಯಬೇಕೆಂಬುದು ಅದರ ತಾತ್ಪರ್ಯ. ಹೊಸದೆಹಲಿಯ ಭಾರತೀಯ ಕೃಷಿ ಅನುಸಂಧಾನ ಸಂಸ್ಥೆಯಲ್ಲಿ ಏರ್ಪಟ್ಟ 'ಕೃಷಿಕೋಶ'ವೆಂಬ ಭಂಡಾರದಲ್ಲಿ ಪ್ರಬಂಧಗಳು, ಹಳೆಯ ಗ್ರಂಥಗಳು, ತಾಂತ್ರಿಕ ಪತ್ರಿಕೆಗಳು, ಯೋಜನಾ ವರದಿಗಳು ಸೇರಿವೆ. ನಮ್ಮ ಕೃಷಿ ವಿಶ್ವವಿದ್ಯಾನಿಲಯಗಳ ವಿದ್ಯಾರ್ಥಿಗಳು ಬರೆದ ಪ್ರಬಂಧಗಳೂ ಅದರಲ್ಲಿ ಉಂಟು. ಸಂಶೋಧನೆಯ ಮೂಲ ಅಂಕಿಅಂಶಗಳಿಗಾಗಿ ಪರಿಷತ್ತು 'ಕೃಷಿ' ಎಂಬ ಬೇರೊಂದು ಜಾಲತಾಣವನ್ನು ಏರ್ಪಡಿಸಿದೆ.

ಇಲ್ಲಿ ಒಂದು ಭೇದವನ್ನು ಗಮನಿಸಬೇಕು. ಹಣ ಕೊಟ್ಟವರಿಗೆ ಲೆಕ್ಕ ಒಪ್ಪಿಸುವುದು ಬೇರೆ. ಸಾರ್ವಜನಿಕ ಭಂಡಾರಕ್ಕೆ ವರದಿಯನ್ನು ಸೇರಿಸುವುದು ಬೇರೆ. ಪರಿಷತ್ತಿನ ಸಂಸ್ಥೆಗಳಲ್ಲಿ ಯೋಜನೆಯ ಆರಂಭಕ್ಕೆ, ವಾರ್ಷಿಕ ಪ್ರಗತಿಗೆ, ಮುಕ್ತಾಯಕ್ಕೆ ಬೇರೆ ಬೇರೆ ನಮೂನೆಗಳುಂಟು. ಇವು ಹಣದ ಮತ್ತು ಕೆಲಸದ ಲೆಕ್ಕಕ್ಕಾಗಿ ಇರುವುವು. ಹಣವು ವಿನಿಯೋಗವಾಯಿತೆಂಬ ಪ್ರಮಾಣಪತ್ರವೂ ಬೇರೆಯಾಗಿ ಹೋಗುವುದು. ಇವೆಲ್ಲ ಸರಿಯಾಗಿ ತಲುಪಿದರೂ, ವರದಿಯು ಭಂಡಾರವನ್ನು ಸೇರದಿದ್ದರೆ ರೈತನ ಪಾಲಿಗೆ ಅದು ಇಲ್ಲದಂತೆಯೇ.

ಒಪ್ಪಿಸುವ ಕ್ರಮ

ಭಂಡಾರಗಳಲ್ಲಿ ಸಣ್ಣ ಭೇದಗಳಿದ್ದರೂ ಕ್ರಮವು ಸಾಮಾನ್ಯವಾಗಿ ಹೀಗಿರುವುದು:

೧. ಪ್ರವೇಶ. ವರದಿ ಒಪ್ಪಿಸುವ ಅಧಿಕಾರವುಳ್ಳವರಿಗೆ ಸಂಸ್ಥೆಯು ಒಂದು ಹೆಸರನ್ನೂ ಗುಪ್ತಪದವನ್ನೂ ಕೊಡುವುದು. ಇದು ರುಜುವಿಗೆ ಸಮಾನ, ಇನ್ನೊಬ್ಬರಿಗೆ ಕೊಡಕೂಡದು.

೨. ವಿವರಪತ್ರ. ವರದಿಯ ಶಿರೋನಾಮೆ, ಬರೆದವರು, ಸಂಸ್ಥೆ, ಯೋಜನೆಯ ಸಂಖ್ಯೆ, ಹಣ ಕೊಟ್ಟವರು, ಆರಂಭ ಮತ್ತು ಮುಕ್ತಾಯದ ತೇದಿ, ಬೆಳೆ, ಸ್ಥಳ, ಸಾರಾಂಶ, ಇವನ್ನು ತುಂಬಬೇಕು. ಪಹಣಿಯಲ್ಲಿ ಸರ್ವೆ ನಂಬರು ತಪ್ಪಿದರೆ ಜಮೀನು ಹುಡುಕಿದರೂ ಸಿಕ್ಕದಂತೆ, ಇಲ್ಲಿ ಒಂದು ಪದ ತಪ್ಪಿದರೆ ವರದಿಯು ಹುಡುಕುವವರಿಗೆ ಸಿಕ್ಕದು. ರಾಗಿಯನ್ನು ಒಬ್ಬರು ರಾಗಿಯೆಂದೂ, ಒಬ್ಬರು ಫಿಂಗರ್ ಮಿಲೆಟ್ ಎಂದೂ, ಮತ್ತೊಬ್ಬರು ಇಲ್ಯುಸಿನ್ ಕೊರಕಾನ ಎಂಬ ಶಾಸ್ತ್ರೀಯ ನಾಮದಿಂದಲೂ ಹುಡುಕುವರು. ಆದುದರಿಂದ ಮೂರು ಹೆಸರುಗಳನ್ನೂ ಬರೆಯುವುದು ಉತ್ತಮ.

೩. ವರದಿಯ ಪ್ರತಿ. ಸಾಮಾನ್ಯವಾಗಿ ಪಿ.ಡಿ.ಎಫ್. ರೂಪದಲ್ಲಿ ಸೇರಿಸುವರು. ಕಾಗದದ ಚಿತ್ರವನ್ನು ಮಾತ್ರ ತೆಗೆದು ಸೇರಿಸಿದರೆ ಯಂತ್ರವು ಅದರೊಳಗಿನ ಅಕ್ಷರಗಳನ್ನು ಓದಲಾರದು. ಅಕ್ಷರಗಳನ್ನು ಗುರುತಿಸುವ ತಂತ್ರಾಂಶದ ಮೂಲಕ ಅದನ್ನು ಹಾಯಿಸಬೇಕು.

೪. ಅಂಕಿಗಳ ತಖ್ತೆ. ಹೊಲದಲ್ಲಿ ಬರೆದ ಅಂಕಿಗಳನ್ನು ಬೇರೆ ತಖ್ತೆಯಾಗಿ ಸೇರಿಸಿ, ಅಳತೆಯ ಮಾನವನ್ನು ಸ್ಪಷ್ಟವಾಗಿ ತಿಳಿಸಬೇಕು. ಎಕರೆಗೆ ೧೦ ಕ್ವಿಂಟಾಲು ಎಂಬುದು ಹೆಕ್ಟೇರಿಗೆ ಸುಮಾರು ೨೪.೭ ಕ್ವಿಂಟಾಲು ಆಗುವುದು. ಮಾನವನ್ನು ಬರೆಯದೆ ಬರಿಯ ಅಂಕಿಯನ್ನು ಕೊಟ್ಟರೆ ಓದಿದವನು ಎರಡೂವರೆ ಪಾಲು ಮೋಸಹೋಗುವನು.

೫. ತೆರೆಯುವ ಕಾಲ. ವರದಿಯನ್ನು ಒಡನೆಯೇ ಎಲ್ಲರಿಗೂ ತೆರೆಯಬೇಕೆ, ಕೆಲವು ಕಾಲ ಮುಚ್ಚಿಡಬೇಕೆ ಎಂಬುದನ್ನು ಗುರುತು ಮಾಡಬೇಕು. ಪೇಟೆಂಟು ಪಡೆಯತಕ್ಕ ವಿಷಯಗಳಿಗೆ ಪರಿಷತ್ತಿನ ನೀತಿಯಲ್ಲಿ ವಿನಾಯಿತಿಯುಂಟು. ವ್ಯಾಪಾರದ ಪ್ರಕಾಶಕರೊಡನೆ ಒಪ್ಪಂದವಾಗಿರುವ ಲೇಖನಗಳನ್ನು ೧೨ ತಿಂಗಳಿಗಿಂತ ಹೆಚ್ಚು ತಡೆಯಬಾರದೆಂಬುದು ಆ ನೀತಿಯ ಆಶಯ. ಅಮೆರಿಕದ ಸರ್ಕಾರವೂ ೨೦೧೩ರ ಆದೇಶದಲ್ಲಿ ಇಂತಹುದೇ ೧೨ ತಿಂಗಳ ಮಿತಿಯನ್ನು ಇಟ್ಟಿತ್ತು. ೨೦೨೨ರ ಆದೇಶದಲ್ಲಿ ಆ ತಡೆಯನ್ನು ತೆಗೆದುಹಾಕಬೇಕೆಂದು ಇಲಾಖೆಗಳಿಗೆ ತಿಳಿಸಿತು.

೬. ಪರಿಶೀಲನೆ ಮತ್ತು ಖಾಯಂ ವಿಳಾಸ. ಭಂಡಾರದ ಅಧಿಕಾರಿಯು ವಿವರಗಳನ್ನು ನೋಡಿ ಅಂಗೀಕರಿಸಿದ ಮೇಲೆ ವರದಿಗೆ ಒಂದು ಖಾಯಂ ವಿಳಾಸವು ದೊರೆಯುವುದು. ಈ ವಿಳಾಸವು ಬಂದ ಹೊರತು ಕೆಲಸ ಮುಗಿಯಿತೆಂದು ತಿಳಿಯಕೂಡದು. ಅರ್ಧ ತುಂಬಿ ಬಿಟ್ಟ ನಮೂನೆಯು ಯಂತ್ರದಲ್ಲಿ ಕರಡಾಗಿಯೇ ಉಳಿಯುವುದು, ಹೊರಗಿನವರಿಗೆ ಕಾಣದು.

ಗ್ರಾಮಮುಖಂಡರೂ ಭೂಹಿಡುವಳಿದಾರರೂ ಮಾಡತಕ್ಕದ್ದು

ವರದಿಯ ಬೆಲೆಯು ಹೊಲದಲ್ಲಿ ಬರೆದ ಮೊದಲ ಅಂಕಿಯನ್ನು ಅವಲಂಬಿಸಿದೆ. ಆ ಅಂಕಿಗೆ ಸಾಕ್ಷಿಗಳಾಗಿ ಇರುವವರು ತಾವೇ. ಆದುದರಿಂದ ಈ ಕೆಳಗಿನ ಅಂಶಗಳನ್ನು ಗಮನದಲ್ಲಿಡಬೇಕೆಂದು ಪ್ರಾರ್ಥನೆ.

ಮೊದಲನೆಯದಾಗಿ, ಪ್ರಯೋಗಕ್ಕೆ ಭೂಮಿಯನ್ನು ಕೊಡುವ ಮೊದಲು ಯೋಜನೆಯ ಹೆಸರು, ಸಂಖ್ಯೆ, ನಡೆಸುವ ಸಂಸ್ಥೆ, ವರದಿಯನ್ನು ಯಾವ ಭಂಡಾರಕ್ಕೆ ಒಪ್ಪಿಸುವರು ಎಂಬಿವನ್ನು ಕೇಳಿ ಬರೆದುಕೊಳ್ಳಬೇಕು. ಹೀಗೆ ಕೇಳುವುದು ಅವಿನಯವಲ್ಲ.

ಎರಡನೆಯದಾಗಿ, ತಮ್ಮದೇ ಒಂದು ಪುಸ್ತಕದಲ್ಲಿ ಬಿತ್ತನೆಯ ತೇದಿ, ಬೀಜದ ತೂಕ, ಕೊಟ್ಟ ಗೊಬ್ಬರ, ಮಳೆ ಬಂದ ದಿನಗಳು, ರೋಗ ಕೀಟಗಳು ಕಂಡ ದಿನ, ಕೊಯ್ಲಿನ ತೇದಿ, ಕಾಳು ಮತ್ತು ಹುಲ್ಲಿನ ತೂಕ, ಇವಿಷ್ಟನ್ನು ಬರೆದಿಡಬೇಕು. ಅಧಿಕಾರಿಯ ಪುಸ್ತಕಕ್ಕೂ ತಮ್ಮ ಪುಸ್ತಕಕ್ಕೂ ವ್ಯತ್ಯಾಸ ಬಂದರೆ ಕಣದಲ್ಲಿಯೇ ಸರಿಪಡಿಸಿಕೊಳ್ಳಬಹುದು.

ಮೂರನೆಯದಾಗಿ, ತೂಕವು ತಮ್ಮ ಎದುರಿನಲ್ಲಿಯೇ ಆಗಬೇಕು. ಅಧಿಕಾರಿಗೆ ಸಂತೋಷವಾಗಲೆಂದು ಹೆಚ್ಚಾಗಿ ಹೇಳುವುದೂ, ಪರಿಹಾರದ ಆಸೆಯಿಂದ ಕಡಿಮೆಯಾಗಿ ಹೇಳುವುದೂ ಸಮಾನವಾದ ದೋಷಗಳು. ಒಂದು ಸುಳ್ಳು ಅಂಕಿಯು ಭಂಡಾರವನ್ನು ಸೇರಿದರೆ ಅದನ್ನು ನಂಬಿ ಬಿತ್ತುವವರು ಎಷ್ಟು ಮಂದಿಯೋ ಹೇಳಲಾಗದು.

ನಾಲ್ಕನೆಯದಾಗಿ, ಬೆಳೆಯು ಕೆಟ್ಟರೆ ಅದನ್ನೂ ಕಾರಣಸಹಿತವಾಗಿ ಬರೆಯಬೇಕೆಂದು ಒತ್ತಾಯಪಡಿಸಬೇಕು. ಈ ಒಂದು ಅಂಶಕ್ಕಾಗಿಯೇ ನನ್ನ ತಪ್ಪನ್ನು ಇಲ್ಲಿ ಬಯಲುಮಾಡಿದೆನು.

ಐದನೆಯದಾಗಿ, ಯೋಜನೆಯು ಮುಗಿದ ಒಂದು ವರ್ಷದೊಳಗೆ ವರದಿಯ ಖಾಯಂ ವಿಳಾಸವನ್ನು ಕೇಳಿ ಪಡೆಯಬೇಕು. ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿಯೋ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರದಲ್ಲಿಯೋ ವಿಚಾರಿಸಿದರೆ ಸಹಾಯವು ದೊರೆಯಬಹುದು. ವರದಿಯು ಇಂಗ್ಲಿಷಿನಲ್ಲಿದ್ದರೆ ಒಂದು ಪುಟದ ಕನ್ನಡ ಸಾರಾಂಶವನ್ನು ಕೇಳಿ, ಗ್ರಾಮ ಪಂಚಾಯತಿಯಲ್ಲಿ ಓದಿಸಬೇಕು. ವರದಿಯು ಎಲ್ಲಿಯೂ ಸಿಕ್ಕದಿದ್ದರೆ ೨೦೦೫ರ ಮಾಹಿತಿ ಹಕ್ಕು ಅಧಿನಿಯಮದ ಮೇರೆಗೆ ಸರ್ಕಾರಿ ಸಂಸ್ಥೆಗೆ ಅರ್ಜಿ ಕೊಡುವ ಮಾರ್ಗವುಂಟು. ಅದಕ್ಕೆ ಸಾಮಾನ್ಯವಾಗಿ ೩೦ ದಿನಗಳೊಳಗೆ ಉತ್ತರವನ್ನು ಕೊಡತಕ್ಕದ್ದೆಂದು ವಿಧಿಯಿದೆ.

ತಮ್ಮ ಹೆಸರೂ ಸರ್ವೆ ನಂಬರೂ ಲೋಕಕ್ಕೆಲ್ಲ ತಿಳಿಯಬಹುದೆಂದು ಕೆಲವರು ಹಿಂಜರಿಯುವರು. ಪ್ರಯೋಗದ ಫಲವನ್ನು ತಿಳಿಯಲು ಮಣ್ಣಿನ ಜಾತಿ, ಮಳೆ, ತಾಲ್ಲೂಕು ಮುಖ್ಯವೇ ಹೊರತು ಒಡೆಯನ ಹೆಸರಲ್ಲ. ಹೆಸರನ್ನು ಬಿಡಬೇಕೆಂದು ಮೊದಲೇ ತಿಳಿಸಿದರೆ ಸಾಕು.

ಉಪಸಂಹಾರ

ಕಳೆದ ವರ್ಷ ಅದೇ ಹಿಡುವಳಿದಾರರ ಊರಿಗೆ ಹೋಗಿದ್ದೆನು. ಅವರು ಒಳಗಿನಿಂದ ಒಂದು ಹಳೆಯ ಲೆಕ್ಕದ ಪುಸ್ತಕವನ್ನು ತರಿಸಿದರು. ಆ ವರ್ಷದ ಬಿತ್ತನೆಯ ದಿನ, ಮಳೆ ನಿಂತ ದಿನ, ಕಣದಲ್ಲಿ ಅಳೆದ ಕೊಳಗಗಳು, ಎಲ್ಲವೂ ಅವರ ಮೊಮ್ಮಗಳ ದುಂಡು ಅಕ್ಷರದಲ್ಲಿ ಇದ್ದುವು. ನಾನು ಕಳೆದದ್ದನ್ನು ಅವರು ಉಳಿಸಿದ್ದರು. ಆ ಪುಟಗಳ ಪ್ರತಿಯನ್ನು ತೆಗೆದುಕೊಂಡು, ಸಂಬಂಧಪಟ್ಟ ವಿಜ್ಞಾನಿಗಳಿಗೆ ನನ್ನ ತಪ್ಪೊಪ್ಪಿಗೆಯ ಷರಾ ಸಹಿತ ಕಳುಹಿಸಿದೆನು. ಆ ೨೦ ಗುಂಟೆಯ ಅಂಕಿಗಳು ಈಗ ಅವರ ತಖ್ತೆಯಲ್ಲಿ ಒಂದು ಸಾಲಾಗಿ ನಿಂತಿವೆ.

ತಮ್ಮ ಗ್ರಾಮದಲ್ಲಿಯೂ ಸರ್ಕಾರದ ಹಣದಿಂದ ನಡೆದು ಬರೆಯದೆ ಉಳಿದ ಪ್ರಯೋಗವಿದ್ದರೆ, ಇದ್ದ ಲೆಕ್ಕವನ್ನು ಹುಡುಕಿ ತೆಗೆದು ಸಮೀಪದ ವ್ಯವಸಾಯಾಧಿಕಾರಿಗೆ ತೋರಿಸಬೇಕಾಗಿ ವಿಜ್ಞಾಪಿಸುತ್ತೇನೆ. ಒಬ್ಬರ ಹೊಲದಲ್ಲಿ ಆದ ನಷ್ಟವು ಇನ್ನೊಬ್ಬರ ಹೊಲದಲ್ಲಿ ಆಗದಂತೆ ಮಾಡುವುದೇ ವರದಿಯ ಪ್ರಯೋಜನ.